ಎರಡೂಕಾಲು ಅಳತೆಯ ಬಳೆ

ನಡೆದದ್ದನ್ನು ನಡೆದ ಹಾಗೆಯೇ ಬರೆಯುತ್ತೇನೆ ಎಂದು ಮಾತು ಕೊಡಲಾರೆ. ನನ್ನ ತಲೆಯಲ್ಲಿ ಒಂದು ಚಿತ್ರವಿದೆ. ಮಳವಳ್ಳಿಯಿಂದ ಕಿರುಗಾವಲಿಗೆ ಹೋಗುವ ಬಸ್ಸು. ಕಿಟಕಿಯ ಪಕ್ಕದ ಸೀಟಿನಲ್ಲಿ ನಾನು. ತೊಡೆಯ ಮೇಲೆ, ಒಂದರ ಮೇಲೊಂದು ಮಗುಚಿ ಕಟ್ಟಿದ ಎರಡು ಬಿದಿರಿನ ಮೊರ. ಮೊರಕ್ಕೆ ಸವರಿದ ಅರಿಶಿನ ಇನ್ನೂ ಆರಿಲ್ಲ. ಅದು ಪ್ಯಾಂಟಿಗೆ ಮೆತ್ತಿದೆ. ಜಾರುತ್ತಿದ್ದ ಕನ್ನಡಕವನ್ನು ಮೇಲೆ ತಳ್ಳಲು ಹೋಗಿ ಅದರ ಗಾಜಿಗೂ ಮೆತ್ತಿದೆ. ಒಂದು ಕಣ್ಣಿಗೆ ಹೊರಗಿನ ಗದ್ದೆ ಹಸಿರು, ಇನ್ನೊಂದು ಕಣ್ಣಿಗೆ ಹಳದಿ.

ಚಿತ್ರವೇನೋ ಇಷ್ಟು ಸ್ಪಷ್ಟ. ಆದರೆ ನಾನು ಕನ್ನಡಕ ಹಾಕಲು ಶುರುಮಾಡಿದ್ದು ಅವ್ವ ತೀರಿಕೊಂಡ ವರ್ಷ. ಅವ್ವ ತೀರಿಕೊಂಡ ಮೇಲೆ ನಾನು ಅಕ್ಕನಿಗೆ ಗೌರಿ ಹಬ್ಬದ ಬಾಗಿನ ತೆಗೆದುಕೊಂಡು ಹೋಗಲೇ ಇಲ್ಲ. ಹೋಗಲಿಲ್ಲ ಎಂದು ನಾನು ತಿಳಿದುಕೊಂಡಿದ್ದೇನೆ. ಕಿರುಗಾವಲಿನ ಪಕ್ಕದ ಅಕ್ಕನ ಊರಿನವರನ್ನು ಕೇಳಿದರೆ ನನ್ನ ಬಾಗಿನ ಒಂದು ವರ್ಷವೂ ತಪ್ಪಲಿಲ್ಲ ಎನ್ನುತ್ತಾರೆ.

ಮೈಸೂರಿನ ವಿಶ್ವವಿದ್ಯಾನಿಲಯದಲ್ಲಿ ಚರಿತ್ರೆ ಓದಿ, ಮಂಡ್ಯದ ಕಾಲೇಜೊಂದರಲ್ಲಿ ಅದನ್ನೇ ಪಾಠ ಮಾಡಿ ಬದುಕಿದವನು ನಾನು. ಮಕ್ಕಳು ಏನು ಬರೆದು ತಂದರೂ ‘ಆಧಾರ ಎಲ್ಲಿ?’ ಎಂದು ಕೆಂಪು ಮಸಿಯಲ್ಲಿ ಅಂಚಿಗೆ ಗೀಚುವುದು ನನ್ನ ಅಭ್ಯಾಸ. ಈಗ ಆ ಪ್ರಶ್ನೆಯನ್ನು ನನಗೇ ಕೇಳಿಕೊಳ್ಳುತ್ತಿದ್ದೇನೆ. ಕೂತಲ್ಲಿ ಕೂರಲಾರದೆ ಈ ಎರಡು ವರ್ಷದಲ್ಲಿ ಮಳವಳ್ಳಿ, ಕಿರುಗಾವಲು ಅಂತ ಎಷ್ಟು ಸಲ ಓಡಾಡಿದ್ದೇನೋ.

ಬಾಗಿನದ ವಿಷಯ ಗೊತ್ತಿಲ್ಲದವರಿಗೆ ಎರಡು ಮಾತು ಹೇಳಬೇಕು. ನಮ್ಮ ಕಡೆ ಗೌರಿ ಎಂದರೆ ದೇವರಿಗಿಂತ ಹೆಚ್ಚಾಗಿ ವರ್ಷಕ್ಕೊಮ್ಮೆ ತವರಿಗೆ ಬರುವ ಮನೆಮಗಳು. ಆ ಹಬ್ಬಕ್ಕೆ ತವರಿನಿಂದ ಮದುವೆಯಾದ ಹೆಣ್ಣುಮಕ್ಕಳಿಗೆ ಮೊರದ ಬಾಗಿನ ಹೋಗಬೇಕು. ಒಂದು ಮೊರದಲ್ಲಿ ಅಕ್ಕಿ, ಬೇಳೆ, ಬೆಲ್ಲ, ತೆಂಗಿನಕಾಯಿ, ರವಿಕೆ ಕಣ, ಕನ್ನಡಿ, ಬಾಚಣಿಗೆ, ಬಳೆ ಇಟ್ಟು, ಮೇಲೆ ಇನ್ನೊಂದು ಮೊರ ಮುಚ್ಚಿ ಅರಿಶಿನದ ದಾರದಲ್ಲಿ ಕಟ್ಟುತ್ತಾರೆ. ಅದನ್ನು ಹೊತ್ತುಕೊಂಡು ಹೋಗುವುದು ಅಣ್ಣನೋ ತಮ್ಮನೋ. ನಮ್ಮ ಮನೆಯಲ್ಲಿ ಇನ್ನೂ ಒಂದು ಕಟ್ಟಳೆ ಇತ್ತು. ಮಿಕ್ಕದ್ದನ್ನೆಲ್ಲ ಅವ್ವ ಹೊಂದಿಸುತ್ತಿದ್ದಳು. ಬಳೆಯನ್ನು ಮಾತ್ರ ನಾನೇ ಅಂಗಡಿಗೆ ಹೋಗಿ ನನ್ನ ಕೈಯಾರೆ ಕೊಳ್ಳಬೇಕು.

ನಾನು ಪ್ರತಿ ವರ್ಷ ಎರಡೂಕಾಲು ಅಳತೆಯ ಹಸಿರು ಗಾಜಿನ ಬಳೆ ಒಂದು ಡಜನ್ ಕೊಳ್ಳುತ್ತಿದ್ದೆ. ಅಕ್ಕನ ಕೈಗೆ ಅದು ಆಗುತ್ತಲೇ ಇರಲಿಲ್ಲ.

ಈ ತಪ್ಪು ಎಲ್ಲಿ ಹುಟ್ಟಿತು ಎಂಬುದು ನನಗೆ ನೆನಪಿದೆ, ಅಥವಾ ನೆನಪಿದೆ ಎಂದುಕೊಂಡಿದ್ದೇನೆ. ಅಕ್ಕ ನನಗಿಂತ ಒಂಬತ್ತು ವರ್ಷ ದೊಡ್ಡವಳು. ಅವಳ ಮದುವೆಗೆ ಮುಂಚೆ ಒಮ್ಮೆ ಮನೆಯವರೆಲ್ಲ ಮುತ್ತತ್ತಿಗೆ ಹೋಗಿದ್ದೆವು. ಆಂಜನೇಯನಿಗೆ ನನ್ನ ಮುಡಿ ಕೊಟ್ಟು, ಬೋಳು ತಲೆಯ ನನ್ನನ್ನು ಅಕ್ಕ ಕಾವೇರಿಗೆ ಇಳಿಸಿದಳು. ಪಾಚಿ ಕಟ್ಟಿದ ಬಂಡೆ. ಜಾರಿದರೆ ಹಿಡಿದುಕೊಳ್ಳಲು ನನಗೆ ಸಿಕ್ಕಿದ್ದು ಅವಳ ಮುಂಗೈ ಮಾತ್ರ. ಬಳೆಯನ್ನೂ ಸೇರಿಸಿ ಹಿಡಿದಿದ್ದೆ. ಎರಡು ಬಳೆ ಚೂರಾಗಿ ನೀರಿಗೆ ಹೋದವು. ಅವ್ವ ಬೈದಳು. ಊರಿಗೆ ಬಂದ ಮೇಲೆ ಬೇರೆ ಬಳೆ ತರಲು ನನ್ನನ್ನೇ ಕಳಿಸಿದಳು. ಮರೆಯದಿರಲಿ ಎಂದು ದಾರಿಯುದ್ದಕ್ಕೂ ‘ಎರಡೂಕಾಲು, ಎರಡೂಕಾಲು’ ಎಂದು ಬಾಯಿಪಾಠ ಮಾಡುತ್ತಾ ಹೋದೆ.

ಮರೆಯಲೇ ಇಲ್ಲ. ಅಕ್ಕ ಮದುವೆಯಾದಳು, ಎರಡು ಹೆತ್ತಳು, ನಾಟಿ ಹಾಕಿದಳು, ಕಬ್ಬಿನ ಸೋಗೆ ಹೊತ್ತಳು. ಅವಳ ಕೈ ಬಲಿಯಿತು. ನನ್ನ ಅಳತೆ ಮಾತ್ರ ಮುತ್ತತ್ತಿಯ ಬಂಡೆಯ ಮೇಲೆಯೇ ನಿಂತಿತ್ತು.

ಅಕ್ಕ ಬಾಗಿನ ಬಿಚ್ಚಿದ ಕೂಡಲೇ ಬಳೆಯನ್ನು ಬೆರಳ ತುದಿಗೆ ಸಿಕ್ಕಿಸಿಕೊಂಡು ಎಲ್ಲರಿಗೂ ತೋರಿಸುವಳು.

“ಇದ್ಯಾರ್ ಕೈಗ್ ತಂದಿದ್ದೀಯ್ಲಾ? ನಿನ್ನ ಎಂಡ್ತಿಗಾ? ಅವ್ಳ ಕರ್ಕಂಡಾದ್ರೂ ಬಾ, ತೊಡಿಸ್ತೀನಿ.”

ನಾನು ಮದುವೆಯಾಗಲಿಲ್ಲ. ಅದಕ್ಕೇ ಈ ತಮಾಷೆ ಪ್ರತಿ ವರ್ಷವೂ ಹೊಸದಾಗಿಯೇ ಇರುತ್ತಿತ್ತು. ಅಲ್ಲೇ ಕೂತಿರುತ್ತಿದ್ದ ಅವಳ ಓರಗಿತ್ತಿ, ಎಂದರೆ ಭಾವನ ತಮ್ಮನ ಹೆಂಡತಿ, ಸೆರಗು ಬಾಯಿಗೆ ಒತ್ತಿಕೊಂಡು ನಗುತ್ತಿದ್ದಳು. ಆಮೇಲೆ ಅಕ್ಕ ಆ ಬಳೆಗಳನ್ನು ಕೇರಿಯ ಹುಡುಗಿಯರಿಗೆ ಹಂಚಿಬಿಡುತ್ತಿದ್ದಳು. ಮುಂದಿನ ವರ್ಷ ನಾನು ಅಂಗಡಿಯ ಮುಂದೆ ನಿಂತಾಗ ಬಾಯಿಗೆ ಬರುತ್ತಿದ್ದುದು ಮತ್ತೆ ಎರಡೂಕಾಲೇ.

ಅವ್ವ ತೀರಿಕೊಂಡಾಗ ನನಗೆ ಐವತ್ತು ದಾಟಿತ್ತು. ಮಂಡ್ಯದ ಮನೆಯಲ್ಲಿ ನಾನೊಬ್ಬನೇ ಉಳಿದೆ. ಮರುವರ್ಷದ ಗೌರಿ ಹಬ್ಬಕ್ಕೆ ಅಕ್ಕನ ಮನೆಗೆ ಬರಿಗೈಯಲ್ಲಿ ಹೋದೆ. ಮರೆತು ಹೋದದ್ದಲ್ಲ. ಆ ದಿನಗಳಲ್ಲಿ ಏನೇನೋ ಓದುತ್ತಿದ್ದೆ, ತಲೆ ಕಾದಿತ್ತು. ದುಃಖವನ್ನು ವಾದ ಮಾಡಿ ಕಳೆಯುವ ಜಾತಿಯವನು ನಾನು ಎಂದು ಈಗ ಅನ್ನಿಸುತ್ತದೆ.

“ಮೊರ ಎಲ್ ಮಡಗಿದ್ದೀಯ್ಲಾ?” ಎಂದಳು ಅಕ್ಕ, ಜಗಲಿಯ ಮೇಲೆ ರಂಗೋಲಿ ಹಾಕುತ್ತಾ.

“ತಂದಿಲ್ಲ ಅಕ್ಕ.”

“ಬಸ್ಸಲ್ ಬುಟ್ಬಂದ್ಯಾ? ಓಡೋಗು, ಇನ್ನೂ ಟೀ ಅಂಗ್ಡಿ ತಾವೇ ನಿಂತಿರ್ತದೆ.”

“ಬಿಟ್ಟು ಬಂದಿಲ್ಲ. ಬೇಕು ಅಂತಲೇ ತಂದಿಲ್ಲ. ಹೆಣ್ಣುಮಕ್ಕಳಿಗೆ ಆಸ್ತಿಯಲ್ಲಿ ಪಾಲು ಕೊಡದೆ, ವರ್ಷಕ್ಕೊಂದು ಮೊರ ಕೊಟ್ಟು ಸಮಾಧಾನ ಮಾಡೋ ಏರ್ಪಾಡು ಇದು. ನೀನೇ ಯೋಚನೆ ಮಾಡು.”

ಅಕ್ಕ ರಂಗೋಲಿ ಹಿಟ್ಟಿನ ಬಟ್ಟಲು ಕೆಳಗಿಟ್ಟಳು. “ಇದ್ಯಾವ ಭಾಸೆ ಆಡ್ತಿದ್ದೀಯೆ? ಪಾಲು ಬ್ಯಾಡ ಅಂತ ಅವತ್ತೇ ಸಯ್ನಾಕಿವ್ನಿ. ಅದ ನೀನೇ ಮಡಿಕ್ಕೊ. ನಂಗೆ ಮೊರ ತತ್ತಾ.”

“ಗೌರಿ ಬರೋದು ಅನ್ನೋದೇ ಒಂದು ಕಟ್ಟುಕತೆ ಅಕ್ಕ.”

“ಬತ್ತಾಳೋ ಬುಡ್ತಾಳೋ ಅವ್ಳಿಗೆ ಬುಟ್ಟಿದ್ದು. ನೀನು ಬರೋದ ಬುಡಬ್ಯಾಡ ಕಣ್ಲಾ.”

ಈ ಕೊನೆಯ ಮಾತನ್ನು ಅವಳೇ ಆಡಿದಳೋ, ಆಮೇಲೆ ನಾನು ಅವಳ ಬಾಯಿಗೆ ಇಟ್ಟೆನೋ ಹೇಳಲಾರೆ. ಇಷ್ಟು ಚೆನ್ನಾಗಿರುವ ಮಾತುಗಳ ಮೇಲೆ ನನಗೆ ಯಾವಾಗಲೂ ಅನುಮಾನ. ನಾನು ಊಟ ಮಾಡದೆ ಎದ್ದು ಬಂದದ್ದು ಮಾತ್ರ ನಿಜ. ಭಾವ ಹಿಂದಿನಿಂದ “ಬಾಮೈದ, ಕಾಯೊಬ್ಬಟ್ಟು ಮಾಡವ್ಳೆ, ವಾದ ಆಮೇಲೆ ಮಾಡೀವಂತೆ” ಎಂದು ಕೂಗಿದರು. ನಾನು ತಿರುಗಲಿಲ್ಲ.

ಜಗಳವೇನೂ ಬೆಳೆಯಲಿಲ್ಲ. ಯುಗಾದಿಗೆ ಹೋದೆ, ಮಕ್ಕಳ ಮದುವೆಗೆ ಹೋದೆ, ವಾರಕ್ಕೊಮ್ಮೆ ಫೋನು ಮಾಡಿದೆ. ಗೌರಿ ಹಬ್ಬದ ದಿನ ಮಾತ್ರ ಹೋಗಲಿಲ್ಲ. ಅಕ್ಕ ಕೇಳಲಿಲ್ಲ. ಅವಳು ಕೇಳದೇ ಇದ್ದುದನ್ನು, ನನ್ನ ವಾದ ಅವಳಿಗೆ ಹಿಡಿಸಿರಬೇಕು ಎಂದು ಅರ್ಥ ಮಾಡಿಕೊಂಡೆ. ಬರಿಗೈಯಲ್ಲಿ ಹೋದ ಆ ಹಬ್ಬವಲ್ಲದೆ ಹೀಗೆ ಏಳು ವರ್ಷ.

ಈ ಏಳು ವರ್ಷದಲ್ಲಿ ನಾನು ಗಮನಿಸಬೇಕಾಗಿದ್ದ ಒಂದು ಗಳಿಗೆ ಬಂದಿತ್ತು. ಮದ್ದೂರಿನ ಛತ್ರವೊಂದರಲ್ಲಿ ನಂಟರ ಮದುವೆ. ಅಕ್ಕನ ಓರಗಿತ್ತಿ ನನ್ನ ಎದುರಿಗೆ ಕೂತು, “ಅಣ್ಣ, ಇನ್ನಾದ್ರೂ ಬಳೆ ಅಳ್ತೆ ಕಲ್ತ್ಕೊ, ಕಾಲೇಜಲ್ ಯಾರಾದ್ರೂ ಯೋಳ್ಕೊಡ್ತಾರೇನೋ ಕೇಳು” ಎಂದಳು. ಹಳೆಯ ತಮಾಷೆ ಎಂದುಕೊಂಡು ನಕ್ಕೆ. ಅಕ್ಕ ನಗಲಿಲ್ಲ. “ಊಟಕ್ಕೆ ಏಳ್ರೀ, ಎಲೆ ಆಕ್ತಾವ್ರೆ” ಎಂದು ನಮ್ಮಿಬ್ಬರನ್ನೂ ಎಬ್ಬಿಸಿದಳು. ಪಂಕ್ತಿ ಕೂರುವುದಕ್ಕೆ ಇನ್ನೂ ಅರ್ಧ ಗಂಟೆ ಇತ್ತು. ಮೂವರೂ ಊಟದ ಮನೆಯ ಬಾಗಿಲಲ್ಲಿ ನಿಂತು ಕಾದೆವು.

ಹೋದ ವರ್ಷಕ್ಕೆ ಮುಂಚಿನ ಚಳಿಗಾಲದಲ್ಲಿ ಅಕ್ಕ ಕಾಯಿಲೆ ಬಿದ್ದಳು. ಮಂಡ್ಯದ ಆಸ್ಪತ್ರೆಯಲ್ಲಿ ಆರು ದಿನ ಇದ್ದಳು. ಮನೆ ಹತ್ತಿರವಾದ್ದರಿಂದ ಹಗಲೆಲ್ಲ ನಾನೇ ಇರುತ್ತಿದ್ದೆ. ಡ್ರಿಪ್ ಹಾಕಿದ ಕೈ ಊದಿಕೊಂಡಾಗ ನರ್ಸು ಸೋಪು ಸವರಿ ಬಳೆ ತೆಗೆದಳು. ಮೂರು ಒಡೆದವು. ಒಂದು ಇಡಿಯಾಗಿ ಬಂತು. ಅದನ್ನು ನನ್ನ ಕೈಗೆ ಕೊಟ್ಟಳು, ನಾನು ಅಂಗಿಯ ಜೇಬಿಗೆ ಹಾಕಿಕೊಂಡೆ.

“ಬರಿಗೈ ಆಯ್ತಲ್ಲೋ” ಎಂದಳು ಅಕ್ಕ.

“ಮನೆಗೆ ಹೋಗೋವಾಗ ಬೇರೆ ತರ್ತೀನಿ.”

“ನೀನಾ?” ಅವಳ ಮುಖ ಅರಳಿತು. “ನೀನ್ ತಂದ್ರೆ ಆಯ್ತು ಬುಡು.”

ಅಷ್ಟೇ. ಬಾಗಿನದ ಸುದ್ದಿ ಅವಳೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಇಬ್ಬರ ಕೈಯಲ್ಲೂ ಆರು ದಿನ ಇತ್ತು. ಕ್ಯಾಂಟೀನಿನ ಇಡ್ಲಿ ಗಟ್ಟಿ ಎಂದಳು, ಪಕ್ಕದ ಹಾಸಿಗೆಯ ಹುಡುಗಿಗೆ ಎಳನೀರು ತಂದುಕೊಡು ಎಂದಳು, ಎಮ್ಮೆಗೆ ಹುಲ್ಲು ಹಾಕಿದರೋ ಫೋನು ಮಾಡಿ ಕೇಳು ಎಂದಳು. ಏಳನೆಯ ದಿನ ಬೆಳಗ್ಗೆ ಹೋದಳು. ಮುತ್ತೈದೆಗೆ ತವರಿನವರು ಹೊದಿಸಬೇಕಾದ ಸೀರೆಯನ್ನು ನಾನೇ ತಂದು ಹೊದಿಸಿದೆ. ಯಾವ ವಾದವನ್ನೂ ಮಾಡಲಿಲ್ಲ. ಹೆಂಗಸರು ಅವಳ ಕೈಗೆ ಬೇರೆ ಬಳೆ ತೊಡಿಸಿ ಕಳಿಸಿದರು.

ಹನ್ನೊಂದನೆಯ ದಿನದ ತಿಥಿಗೆ ಹೋದಾಗ ಜಗಲಿಯ ಮೇಲೆ ಊರಿನ ಹೆಂಗಸರು ಕೂತಿದ್ದರು. ಒಬ್ಬ ಮುದುಕಿ ನನ್ನನ್ನು ನೋಡಿ ಪಕ್ಕದವಳನ್ನು ಕೇಳಿದಳು.

“ಇವ್ನೇನಾ ತಮ್ಮ?”

“ಊ ಕಣಮ್ಮ. ಮಂಡ್ಯದಲ್ಲಿ ಮೇಷ್ಟ್ರು. ಅವ್ವ ಓದ್ಮೇಲೂ ಒಂದೊರ್ಸ ಬಾಗಿನ ತಪ್ಪಿಸ್ನಿಲ್ಲ ಈ ವಯ್ಯ. ಪುರ್ಸೊತ್ತಿಲ್ದಿದ್ರೂ ಬಸ್ಗಾಕಿ ಕಳಿಸೋರು.”

“ಇದ್ರೆ ಇಂಥ ತಮ್ಮ ಇರ್ಬೇಕು ಬುಡು.”

ನಾನು ಕಾಫಿ ಲೋಟ ಹಿಡಿದು ನಿಂತಿದ್ದೆ. ಇಲ್ಲ, ನಾನು ಕಳಿಸಲಿಲ್ಲ ಎಂದು ಹೇಳಲು ಬಾಯಿ ತೆರೆಯಬಹುದಿತ್ತು. ತೆರೆಯಲಿಲ್ಲ. ಆ ಹೊಗಳಿಕೆಯನ್ನು ಕಾಫಿಯ ಜೊತೆಯಲ್ಲೇ ಕುಡಿದೆ.

ಒಳಗೆ ಹೋದರೆ ಓರಗಿತ್ತಿ ಒಂದು ಹಳೆಯ ಟವೆಲ್ಲಿನ ಗಂಟು ತಂದು ನನ್ನ ಮುಂದೆ ಇಟ್ಟಳು. ಸೆರಗಿನಿಂದ ಕಣ್ಣೊರೆಸಿಕೊಂಡಳು. ಆದರೂ ಚುಚ್ಚುವುದನ್ನು ಬಿಡಲಿಲ್ಲ.

“ತಕೋ ಅಣ್ಣ, ನಿನ್ ಬಳೆ. ಏಳೊರ್ಸದ್ದೂ ಇದ್ರಲ್ಲೇ ಅದೆ. ಒಂದಾದ್ರೂ ಅಕ್ಕನ್ ಕೈಗ್ ಆಗ್ನಿಲ್ಲ. ಓದ್ದೋನಂತೆ ಓದ್ದೋನು.”

“ಏಳು ವರ್ಷದ್ದಾ?”

“ಊ. ಮೊದ್ಲೆಲ್ಲ ಅಟ್ಟಿ ಎಣ್ಮಕ್ಳಿಗೆ ಕೊಟ್ಬುಡೋಳು. ನಿಮ್ಮವ್ವ ಸತ್ತೋದ್ಮೇಲೆ ಯಾರ್ಗೂ ಕೊಡ್ನಿಲ್ಲ. ಅಂಗ್ಡೀಲಿ ಬದ್ಲಾಯಿಸ್ಕೊ ಅಕ್ಕ ಅಂದ್ರೆ, ತವರ್ನಿಂದ ಬಂದಿದ್ದ ಬದ್ಲಾಯಿಸ್ಬಾರ್ದು ಕಣೆ ಅನ್ನೋಳು.”

“ಬಾಗಿನವನ್ನ ಬಸ್ಸಿನಿಂದ ಯಾರು ಇಳಿಸಿಕೊಳ್ತಿದ್ರು?”

“ಅಕ್ಕನೇಯ. ತಮ್ಮ ಬಸ್ಗೆ ಕೊಟ್ಟವ್ನಂತೆ ಅಂತ ಕಿರುಗಾವ್ಲಿಗೆ ಓಗಿ ತಕ್ಕಂಡ್ ಬರೋಳು. ಯಾಕಣ್ಣ, ನಿಂಗೆ ನೆಪ್ಪಿಲ್ವಾ?”

“ಇದು ಇಲ್ಲೇ ಇರಲಿ” ಎಂದು ಗಂಟನ್ನು ಅವಳ ಕಡೆಗೇ ಸರಿಸಿದೆ. ಮುಟ್ಟಲು ಧೈರ್ಯ ಬರಲಿಲ್ಲ.

ಅಂದಿನಿಂದ ನನಗೆ ಬೇಕಾಗಿದ್ದುದು ಒಂದೇ ಪ್ರಶ್ನೆಗೆ ಉತ್ತರ. ಅಕ್ಕನಿಗೆ ಗೊತ್ತಿತ್ತೇ? ಯಾರೋ ಪುಣ್ಯಾತ್ಮರು ನನ್ನ ಹೆಸರಿನಲ್ಲಿ ಕಳಿಸಿ, ಅವಳು ಅದನ್ನು ನನ್ನದೆಂದೇ ನಂಬಿ ಸಂತೋಷವಾಗಿ ಹೋದಳೇ? ಅಥವಾ ತಮ್ಮ ಕಳಿಸಲಿಲ್ಲ ಎಂಬುದನ್ನು ತಿಳಿದುಕೊಂಡೇ, ಅದನ್ನು ಮನೆ ತುಂಬ ಜನರಿಂದ ಮುಚ್ಚಿಟ್ಟುಕೊಂಡೇ ಏಳು ಹಬ್ಬ ಕಳೆದಳೇ? ಮೊದಲನೆಯದಾಗಿದ್ದರೆ ನಾನು ಸ್ವಲ್ಪ ಉಸಿರಾಡಬಹುದು.

ಮೂರನೆಯ ಸಾಧ್ಯತೆಯೂ ಇತ್ತು. ಒಂದೆರಡು ವರ್ಷವಾದರೂ ನಾನೇ ಕಳಿಸಿ ಮರೆತಿರಬಹುದು. ಆ ಬಸ್ಸಿನ ಚಿತ್ರ ಸುಮ್ಮನೆ ಎಲ್ಲಿಂದ ಬಂದೀತು? ಜೇಬಿಗೆ ಹಿಡಿಸುವ ಡೈರಿಯಲ್ಲಿ ದಿನಕ್ಕೆರಡು ಸಾಲು ಬರೆಯುವುದು ನನ್ನ ಹಳೆಯ ಚಟ. ಹುಡುಕಿದೆ. ಏಳರಲ್ಲಿ ಐದು ವರ್ಷದ ಡೈರಿ ಸಿಕ್ಕಿತು. ಗೌರಿ ಹಬ್ಬದ ದಿನ: ‘ರಜೆ. ಮನೆ. ಓದು.’ ಮುಂದಿನ ವರ್ಷ: ‘ರಜೆ. ಯಲಿಯೂರಿನ ಗೆಳೆಯನ ಮನೆಯಲ್ಲಿ ಊಟ.’ ಉಳಿದ ಮೂರರಲ್ಲೂ ಇಂಥದ್ದೇ. ಅದರ ಹಿಂದಿನ ದಿನಗಳಲ್ಲಿ ಮೊರವಾಗಲಿ ಬಳೆಯಾಗಲಿ ಬಸ್ಸಾಗಲಿ ಇಲ್ಲ. ಎರಡು ವರ್ಷದ ಡೈರಿ ಸಿಗಲೇ ಇಲ್ಲ. ಆ ಎರಡರ ಮೇಲೆ ನಾನು ಎಷ್ಟು ಆಸೆ ಇಟ್ಟುಕೊಂಡೆ ಎಂದು ಬರೆಯಲು ನಾಚಿಕೆಯಾಗುತ್ತದೆ.

ಭಾವನನ್ನು ಕೇಳಿದೆ. ಅವರು ಹೆಂಡತಿಗಾಗಿ ಏನು ಬೇಕಾದರೂ ಮಾಡುವ ಮನುಷ್ಯ.

“ನೀವು ಯಾವತ್ತಾದರೂ ನನ್ನ ಹೆಸರಿನಲ್ಲಿ ಬಾಗಿನ ತರಿಸಿದ್ರಾ ಭಾವ?”

“ನಾನ್ಯಾಕಪ್ಪ ತರಿಸ್ಲಿ? ನಾನೇನು ಅವ್ಳ ಅಣ್ಣನಾ?” ಎಂದು ಕಣ್ಣರಳಿಸಿದರು. ಟವೆಲ್ಲು ಹೆಗಲಿಗೆ ಹಾಕಿಕೊಳ್ಳುತ್ತಾ, “ಅವತ್ತು ವಾದ ಮಾಡ್ಕಂಡ್ ಎದ್ದೋದ್ರೂ ಮುಂದಿನ್ ವರ್ಸದಿಂದ ಕಳಿಸ್ದೆಯಲ್ಲ. ನೀನು ಕಳಿಸ್ದಾಗೆಲ್ಲ ಅವತ್ತು ಇಡೀ ದಿನ ಮಾತಾಡ್ಕಂಡೇ ಓಡಾಡೋಳು” ಎಂದರು. ನಾನು ಮುಂದೆ ಕೇಳಲಿಲ್ಲ.

ಸಾವಾದ ವರ್ಷ ಆ ಮನೆಯಲ್ಲಿ ಹಬ್ಬ ಮಾಡಲಿಲ್ಲ. ಈ ವರ್ಷ ಗೌರಿ ಹಬ್ಬಕ್ಕೆ ಎರಡು ದಿನ ಇದೆ ಎನ್ನುವಾಗ ಮಳವಳ್ಳಿಗೆ ಹೋದೆ. ಬಸ್ ಸ್ಟ್ಯಾಂಡಿನ ಹತ್ತಿರ ಈ ದಿನಗಳಲ್ಲಿ ಮೊರದ ರಾಶಿ ಬಿದ್ದಿರುತ್ತದೆ. ಅಕ್ಕ ಕೊಂಡಿದ್ದರೆ ಇಲ್ಲೇ ಕೊಂಡಿರಬೇಕು. ಹೆಂಗಸರಿಗೆ ಬಸ್ಸು ಫ್ರೀ ಆದ ಮೇಲಂತೂ ಅವಳು ಆಧಾರ್ ಕಾರ್ಡನ್ನು ಕೈಚೀಲಕ್ಕೆ ಹಾಕಿಕೊಂಡು ವಾರಕ್ಕೊಮ್ಮೆ ಮಳವಳ್ಳಿಗೆ ಹೋಗಿ ಬರುತ್ತಿದ್ದಳು. ರಾಶಿಯ ಪಕ್ಕದಲ್ಲಿ ಒಬ್ಬ ಅಜ್ಜಿ ಬಿದಿರು ಸೀಳುತ್ತಾ ಕೂತಿದ್ದಳು.

“ಯಾವೂರಪ್ಪ?”

“ಮಂಡ್ಯ.”

“ಮಂಡ್ಯದಲ್ ಮೊರ ಸಿಕ್ಕಲ್ವಾ?”

“ಒಂದು ವಿಷಯ ಕೇಳೋಕೆ ಬಂದೆ ಅಜ್ಜಿ. ಕಿರುಗಾವಲು ಕಡೆಯಿಂದ ಒಬ್ಬರು ಬರ್ತಿದ್ರಾ? ಎತ್ತರ ಇದ್ರು, ಎಲೆಅಡಿಕೆ ಹಾಕೋರು. ಹಬ್ಬಕ್ಕೆ ಮನೆಗೆ ಬೇಕಾದ್ದಲ್ಲದೆ ಇನ್ನೊಂದು ಜೊತೆ ಹೆಚ್ಚಿಗೆ ತಗೊಳ್ಳೋರು.”

“ಊ ಕಣಪ್ಪ. ಬರೋರು.”

ನಂಬಿಯೇ ಬಿಡುತ್ತಿದ್ದೆ. ಆದರೆ ಪಾಠ ಹೇಳಿದ ಬುದ್ಧಿ ಸುಮ್ಮನಿರಬೇಕಲ್ಲ. ಉತ್ತರವನ್ನು ಪ್ರಶ್ನೆಯೊಳಗೇ ಇಟ್ಟು ಕೇಳಿದ್ದೆ. ಪರೀಕ್ಷೆ ಮಾಡೋಣವೆಂದು ಒಂದು ಸುಳ್ಳು ಸೇರಿಸಿದೆ.

“ಒಂದು ಕಾಲು ಕುಂಟ್ತಿತ್ತು ಅವರಿಗೆ.”

“ಊ, ಪಾಪ, ಕುಂಟ್ಕಂಡೇ ಬರೋರು.”

“ನಮ್ಮಕ್ಕ ಕುಂಟ್ತಿರಲಿಲ್ಲ ಅಜ್ಜಿ.”

ಅಜ್ಜಿಯ ಕತ್ತಿ ನಿಲ್ಲಲಿಲ್ಲ. “ಅಬ್ಬದಾಗೆ ಏಸೋ ಜನ ಬತ್ತಾರೆ. ಯಾರ್ ಮೊಕ ಯಾರ್ ನೆಪ್ಪಿಟ್ಕತ್ತಾರೆ? ನೀನು ಊ ಅನ್ನುಸ್ಕಳಕ್ಕೆ ಮಂಡ್ಯದಿಂದ ಬಂದಿದ್ದೀಯೆ. ಅಂದೆ. ನನ್ ಗಂಟೇನೋಯ್ತದೆ?”

ನನಗೆ ಸಿಟ್ಟು ಬರಬೇಕಾಗಿತ್ತು. ಬರಲಿಲ್ಲ. ಅವಳು ನನ್ನ ಮುಖ ನೋಡಿ, ಬಿದಿರು ಕೆಳಗಿಟ್ಟು, ಕೇಳಿದಳು.

“ಅಕ್ಕ ಇಲ್ವಾ ಈಗ?”

“ಇಲ್ಲ.”

“ಮತ್ತೆ ಅದ ಮೊದ್ಲೇ ಯೋಳ್ಬಾರ್ದಾ.” ರಾಶಿಯ ಮೇಲಿನ ಮೊರಗಳನ್ನು ಆಚೆ ಸರಿಸಿ, ಅಡಿಯಿಂದ ಬಿಗಿಯಾಗಿ ಹೆಣೆದ ಎರಡನ್ನು ಎಳೆದು ನನ್ನ ಕೈಗಿಟ್ಟಳು. “ಒಂದ್ ಜೊತೆ ತಕ್ಕಂಡೋಗು. ಯಾರೋ ಒಬ್ಬ ಎಣ್ಣು ಕಾಯ್ತಿರ್ತಾಳೆ, ಅವ್ಳಿಗೆ ಕೊಡು.”

ಯಾವ ಹೆಣ್ಣು ಕಾಯುತ್ತಿರುತ್ತಾಳೆ ಎಂದು ಯೋಚಿಸುತ್ತಾ ನಿಂತೆ. ಆಗ ಓರಗಿತ್ತಿಯ ನೆನಪಾಯಿತು. ಅವಳಿಗೆ ಒಡಹುಟ್ಟಿದ ಗಂಡುಮಕ್ಕಳಿಲ್ಲ. ಇಷ್ಟು ವರ್ಷ ಅಕ್ಕನ ಬಾಗಿನ ಬಿಚ್ಚುವಾಗ ಪಕ್ಕದಲ್ಲಿ ಕೂತು ನಕ್ಕವಳು. ಅಲ್ಲಿಂದಲೇ ಫೋನು ಮಾಡಿದೆ.

“ನಿನ್ನ ಬಳೆ ಅಳತೆ ಎಷ್ಟಮ್ಮ?”

“ಕೊನೆಗೂ ಕೇಳೋದ ಕಲ್ತ್ಯಲ್ಲಣ್ಣ. ಎರಡೂವರೆ. ಬರ್ಕೊ, ಮತ್ತೆ ಮರ್ತ್ಬುಟ್ಟೀಯ.”

ಬಳೆ, ಕಾಯಿ, ಬೆಲ್ಲ, ರವಿಕೆ ಕಣ ಎಲ್ಲವನ್ನೂ ಮಳವಳ್ಳಿಯಲ್ಲೇ ಕೊಂಡೆ. ಅಜ್ಜಿ ಅರಿಶಿನ ಸವರಿ ಕಟ್ಟಿಕೊಟ್ಟಳು. ಬಸ್ಸು ಹತ್ತಿ ಕಿಟಕಿಯ ಪಕ್ಕ ಕೂತೆ. ಮೊರ ತೊಡೆಯ ಮೇಲಿತ್ತು. ಪ್ಯಾಂಟಿಗೆ ಅರಿಶಿನ ಮೆತ್ತಿತು. ಕನ್ನಡಕ ಜಾರಿತು. ಇಲ್ಲಿ ನಾನೊಂದು ದಡ್ಡ ಕೆಲಸ ಮಾಡಿದೆ ಎಂದು ಬಸ್ಸು ಹೊರಟ ಮೇಲೆ ಹೊಳೆಯಿತು. ಮೊದಲಲ್ಲಿ ಹೇಳಿದ ಆ ಚಿತ್ರ ಈ ಪ್ರಯಾಣಕ್ಕೆ ಮುಂಚೆಯೂ ನನ್ನ ತಲೆಯಲ್ಲಿತ್ತೋ, ಈ ಪ್ರಯಾಣವೇ ಹಿಂದಕ್ಕೆ ಹೋಗಿ ಕೂತುಕೊಂಡಿತೋ ಇನ್ನು ಯಾವತ್ತೂ ಬೇರ್ಪಡಿಸಲಾರೆ. ಇದ್ದ ಒಂದು ಆಧಾರವನ್ನು ಕೈಯಾರೆ ಕೆಡಿಸಿಕೊಂಡಿದ್ದೆ. ಆದರೂ ಇಳಿಯಬೇಕು ಅನ್ನಿಸಲಿಲ್ಲ. ಗದ್ದೆಗಳು ಹಿಂದಕ್ಕೆ ಓಡುತ್ತಿದ್ದವು. ಆ ದಾರಿಯ ಕೊನೆಯಲ್ಲಿ ಜಗಲಿಯ ಮೇಲೆ ಅಕ್ಕ ಇರಬೇಕು, ಬಳೆಯನ್ನು ಬೆರಳ ತುದಿಗೆ ಸಿಕ್ಕಿಸಿಕೊಂಡು ನನ್ನ ಮಾನ ಕಳೆಯಬೇಕು ಅನ್ನಿಸಿತು. ದೇವರನ್ನು ನಾನು ಇಂದಿಗೂ ನಂಬುವುದಿಲ್ಲ. ಆದರೆ ಗೌರಿಯ ಹಾಗೆ ಒಂದು ದಿನದ ಮಟ್ಟಿಗೆ ಬಂದುಹೋಗುವ ಅವಕಾಶ ಬೇರೆಯವರಿಗೂ ಇದ್ದಿದ್ದರೆ ಎಂದು ಕಿರುಗಾವಲಿನವರೆಗೂ ಯೋಚಿಸುತ್ತಾ ಹೋದೆ.

ಓರಗಿತ್ತಿ ಮೊರವನ್ನು ಎರಡೂ ಕೈಯಲ್ಲಿ ತೆಗೆದುಕೊಂಡಳು. ದಾರ ಬಿಚ್ಚಿ, ಮೊದಲು ಬಳೆಯನ್ನೇ ಹುಡುಕಿ, ತೊಟ್ಟು ನೋಡಿದಳು. ಸರಾಗವಾಗಿ ಹೋಯಿತು. “ಅಯ್ಯೋ, ಆಯ್ತಲ್ಲ!” ಎಂದು ನಗಲು ಹೋಗಿ, ನಗದೆ, ಒಳಗೆ ಓಡಿದಳು. ಬಹಳ ಹೊತ್ತು ಹೊರಗೆ ಬರಲಿಲ್ಲ. ಬಂದಾಗ ನಾನು ಆ ಟವೆಲ್ಲಿನ ಗಂಟು ಕೇಳಿದೆ. ಏಕೆ ಎಂದು ಕೇಳದೆ ತಂದುಕೊಟ್ಟಳು.

ವಾಪಸು ಬರುವಾಗ ಬಸ್ಸಿಗಾಗಿ ಕಿರುಗಾವಲಿನಲ್ಲಿ ಕಾಯಬೇಕಾಯಿತು. ರಸ್ತೆಯಾಚೆ ಒಂದು ಬಳೆ ಅಂಗಡಿ. ಅಕ್ಕ ಹೋಗುತ್ತಿದ್ದುದು ಅಲ್ಲಿಗೇ ಇರಬಹುದು. ಅಂಗಡಿಯವನನ್ನು ಕೇಳಬಹುದಿತ್ತು. ಕೇಳಲಿಲ್ಲ. ಹೂಂ ಎಂದರೆ ನಾನು ನಂಬುವುದಿಲ್ಲ, ಇಲ್ಲ ಎಂದರೆ ತಡೆದುಕೊಳ್ಳುವುದಿಲ್ಲ.

ಒಂದನ್ನು ಮಾತ್ರ ಮನುಷ್ಯರ ನೆನಪಿನ ಹಂಗಿಲ್ಲದೆ ನೋಡಬಹುದಾಗಿತ್ತು. ಬೇರೆ ಯಾರೇ ಅಕ್ಕನಿಗೆ ಬಳೆ ಕಳಿಸಿದ್ದರೂ ಅವಳ ಕೈ ನೋಡಿ ಕಳಿಸುತ್ತಿದ್ದರು. ಒಂದು ವರ್ಷ ಆಗದಿದ್ದರೆ ಮರುವರ್ಷ ತಿದ್ದಿಕೊಳ್ಳುತ್ತಿದ್ದರು. ತಿದ್ದಿಕೊಳ್ಳದೆ ಪ್ರತಿ ವರ್ಷ ಅದೇ ತಪ್ಪು ಬಳೆ ಕೊಳ್ಳುವವನು ಈ ಭೂಮಿಯ ಮೇಲೆ ಒಬ್ಬನೇ. ಅವನು ಮಂಡ್ಯದಲ್ಲಿ ಕೂತು ‘ರಜೆ. ಮನೆ. ಓದು’ ಎಂದು ಬರೆಯುತ್ತಿದ್ದ. ಹಾಗಿದ್ದೂ ಗಂಟಿನಲ್ಲಿರುವುದೆಲ್ಲ ಆ ತಪ್ಪು ಅಳತೆಯದೇ ಆಗಿದ್ದರೆ, ಅವನು ಕೊಂಡ ಹಾಗೆಯೇ ಕಾಣಲಿ ಎಂದು ಯಾರೋ ಬೇಕೆಂದೇ ಆರಿಸಿ ಕೊಂಡಿರಬೇಕು. ತನ್ನ ಕೈಗೆ ಆಗುವುದಿಲ್ಲ ಎಂದು ಗೊತ್ತಿದ್ದೇ ಕೊಂಡಿರಬೇಕು.

ರಸ್ತೆ ದಾಟಿ, ಅಂಗಡಿಯ ಗಾಜಿನ ಮೇಲೆ ಗಂಟು ಬಿಚ್ಚಿ, ಅಳತೆ ನೋಡಿಕೊಡಿ ಎಂದೆ. ಒಂದೊಂದು ವರ್ಷದ್ದನ್ನೂ ಬೇರೆ ಬೇರೆ ದಾರದಲ್ಲಿ ಕಟ್ಟಿತ್ತು. ಜೇಬಿನಿಂದ ಆಸ್ಪತ್ರೆಯ ಬಳೆ ತೆಗೆದು ಪಕ್ಕದಲ್ಲಿಟ್ಟೆ. ಬೆಳಗ್ಗೆ ಮನೆಯಿಂದ ಹೊರಡುವಾಗ ಮೇಜಿನ ಡ್ರಾಯರಿನಿಂದ ತೆಗೆದು ಹಾಕಿಕೊಂಡಿದ್ದೆ, ಏಕೆಂದು ಗೊತ್ತಿರಲಿಲ್ಲ. ಅಂಗಡಿಯವನು ಏನೂ ಕೇಳದೆ ಒಂದೊಂದನ್ನೂ ತನ್ನ ಅಳತೆಯ ಬಳೆಗೆ ಹಿಡಿದು ನೋಡಿದ. ನಾನೂ ಹಿಡಿದು ನೋಡಿದೆ. ಏಳು ಕಟ್ಟುಗಳಲ್ಲಿದ್ದ ಬಳೆಯೆಲ್ಲ ಎರಡೂಕಾಲು. ಅಕ್ಕನ ಕೈಯಿಂದ ತೆಗೆದದ್ದು ಎರಡೂವರೆ.